ಒಂದೇ ಕಲ್ಲು, ಮೂರು ಮಣ್ಣು

ಮೇ ಕೊನೆಯ ವಾರ ಬಂತೆಂದರೆ ಬೊರಿವಲಿಯ ನರ್ಸರಿಗಳ ಮುಂದೆ ಲಾಲ್ ಮಿಟ್ಟಿಯ ಚೀಲಗಳು ರಾಶಿ ಬೀಳುತ್ತವೆ. ಮಳೆ ಹಿಡಿಯುವ ಮೊದಲು ಬಾಲ್ಕನಿಯ ಕುಂಡಗಳಿಗೆ ಹೊಸ ಮಣ್ಣು ತುಂಬಬೇಕು, ಸೊಸೈಟಿಯ ತೋಟಕ್ಕೆ ಒಂದು ಟೆಂಪೊ ಮಣ್ಣು ಹಾಕಿಸಬೇಕು ಎಂಬ ಗಡಿಬಿಡಿ ಎಲ್ಲರಿಗೂ. ಕೊಳ್ಳುವವರು ಚೀಲದ ಬಾಯಿ ಬಿಚ್ಚಿ ಬಣ್ಣ ನೋಡುತ್ತಾರೆ. ಕೆಂಪಗಿದ್ದರೆ ಒಳ್ಳೆಯ ಮಣ್ಣು ಎಂದು ಹಣ ಎಣಿಸುತ್ತಾರೆ. ಆದರೆ ಕೆಂಪು ಬಣ್ಣ ಹೇಳುವುದು ಆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ ಎಂಬುದನ್ನು ಮಾತ್ರ. ಅದು ನೀರು ಹಿಡಿದೀತೇ, ಬೇರಿಗೆ ಗಾಳಿ ಬಿಟ್ಟೀತೇ, ಗಿಡದ ಹೊಟ್ಟೆ ತುಂಬಿಸೀತೇ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸುವ ಮುಖ್ಯ ಸಂಗತಿಗಳು ಮೂರು: ಮಣ್ಣಿನ ಕಣಗಳ ಗಾತ್ರ, ಒಳಗೆ ಬದುಕುವ ಜೀವಿಗಳು, ಮಣ್ಣು ಕೂತಿರುವ ನೆಲದ ಏರಿಳಿತ.

ನಾನು ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತವರು ಕಾರ್ಕಳದ ಕಡೆ, ಸಂಸಾರ ಬೊರಿವಲಿಯಲ್ಲಿ. ಮಣ್ಣಿನ ಪಾಠಕ್ಕೆ ಈ ಉಪನಗರಕ್ಕಿಂತ ಒಳ್ಳೆಯ ಜಾಗ ನಗರದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಪೂರ್ವಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ಮತ್ತು ಕಾಡು, ಸುಮಾರು 104 ಚದರ ಕಿಲೋಮೀಟರ್. ನಡುವೆ ಸ್ಟೇಷನ್, ಮಾರ್ಕೆಟ್, ಒಂದಕ್ಕೊಂದು ಅಂಟಿಕೊಂಡ ಸೊಸೈಟಿಗಳು. ಪಶ್ಚಿಮಕ್ಕೆ ಗೊರಾಯಿ ಖಾಡಿ, ಕಾಂಡ್ಲಾ ಕಾಡು, ಅದರಾಚೆ ಸಮುದ್ರ. ಗುಡ್ಡದ ಬುಡದಲ್ಲಿ ಆಟೋ ಹತ್ತಿದರೆ ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆಯೊಳಗೆ ಗೊರಾಯಿ ಜೆಟ್ಟಿಯಲ್ಲಿರುತ್ತೀರಿ. ಅಷ್ಟು ಹಾದಿಯಲ್ಲಿ ಮೂರು ಬೇರೆ ಬೇರೆ ಮಣ್ಣು ಸಿಗುತ್ತದೆ.

ಮೂಲ ಶಿಲೆಯೊಂದೇ ಸಾಲದು

ನಮ್ಮ ಬಿಲ್ಡಿಂಗಿನಲ್ಲಿ ವಿಜಯಪುರದ ಕಡೆಯ ಹೆಂಗಸೊಬ್ಬರಿದ್ದಾರೆ. ಮಣ್ಣಿನ ಮಾತು ಬಂದರೆ ಅವರಿಗೆ ಡೋಣಿ ನದಿಯ ಸಾಲಿನ ಎರೆಹೊಲದ ನೆನಪಾಗುತ್ತದೆ. "ನಮ್ಮ ಎರಿ ಹೊಲಕ್ಕ ಹಸ್ತದ ಮಳಿ ಒಂದು ಚಲೋ ಹೊಡದ್ರ ಸಾಕ್ರಿ ಅಕ್ಕೋರ, ಮುಂದ ಜ್ವಾಳ ನೀರ ಕೇಳಂಗಿಲ್ಲ" ಎನ್ನುತ್ತಾರೆ. ಹಿಂಗಾರಿ ಜೋಳ ನಿಜಕ್ಕೂ ಹಾಗೆಯೇ, ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆದು ತೆನೆ ಕಟ್ಟುತ್ತದೆ. ನಮ್ಮ ಕಾರ್ಕಳದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೋ ಎಂದು ಸುರಿದರೂ ಡಿಸೆಂಬರಿಗೆ ಬೆಟ್ಟು ಗದ್ದೆಯ ನೆಲ ಗಟ್ಟಿಯಾಗಿ ಹಾರೆಗೂ ಬಗ್ಗುವುದಿಲ್ಲ.

ವಿಜಯಪುರದ ಎರೆಭೂಮಿಯ ಕೆಳಗಿರುವ ಬಂಡೆಯೂ ಬೊರಿವಲಿಯ ಗುಡ್ಡದ ಬಂಡೆಯೂ ಒಂದೇ ಕುಲದವು. ಸುಮಾರು 6.5 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯ ಉದ್ದಗಲಕ್ಕೂ ಹರಿದ ಲಾವಾ ತಣ್ಣಗಾಗಿ ಆದ ಬಸಾಲ್ಟ್ ಮತ್ತು ಅದರ ಜೊತೆಯ ಅಗ್ನಿಶಿಲೆಗಳು ಅವು. ಆದರೂ ಅಲ್ಲಿ ಮೊಣಕಾಲುದ್ದ ಬಿರುಕು ಬಿಡುವ ಕಪ್ಪು ಎರೆ, ಇಲ್ಲಿ ಗುಡ್ಡದ ಮೇಲೆ ಗೇಣುದ್ದವೂ ಇಲ್ಲದ ಕೆಂಗಂದು ಗರಸು. ಹೀಗೇಕೆ?

ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ನೆಲ ಬಹುಪಾಲು ಸಮತಟ್ಟು. ಕಲ್ಲು ಕರಗಿ ಬಿಟ್ಟ ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಅಲ್ಲಲ್ಲೇ ಉಳಿದು, ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜಾತಿಯ ಜೇಡಿ ಆಗುತ್ತದೆ. ಮುಂಬಯಿಯಲ್ಲಿ ಮಳೆ 2,200 ಮಿಲಿಮೀಟರ್ ಮೀರುತ್ತದೆ, ಅದೂ ನಾಲ್ಕು ತಿಂಗಳಲ್ಲಿ. ಇಳಿಜಾರಿನ ಮೇಲೆ ಆ ನೀರು ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಈ ತೊಳೆತ ಲಕ್ಷಾಂತರ ವರ್ಷ ನಡೆದಲ್ಲಿ ನಮ್ಮ ಕರಾವಳಿಯ ಮುರಕಲ್ಲು ಹುಟ್ಟುತ್ತದೆ. ಮುಂಬಯಿಯ ಹತ್ತಿರದ ಮಾಥೆರಾನ್ ಬೆಟ್ಟದ ನೆತ್ತಿಯ ಮೇಲೂ ಅದೇ ಕೆಂಪು ಹೊದಿಕೆ ಇದೆ.

ಮಣ್ಣು ಹುಟ್ಟುವುದು ಬರೀ ಕಲ್ಲಿನಿಂದಲ್ಲ ಎಂಬುದನ್ನು ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯದ ದೊಕುಚಾಯೆವ್ ಅಲ್ಲಿನ ಕಪ್ಪುಮಣ್ಣಿನ ಬಯಲುಗಳನ್ನು ಅಭ್ಯಸಿಸಿ ತೋರಿಸಿಕೊಟ್ಟ. 1941ರಲ್ಲಿ ಹಾನ್ಸ್ ಜೆನ್ನಿ ಎಂಬ ವಿಜ್ಞಾನಿ ಅದನ್ನು ಐದು ಕಾರಣಗಳಾಗಿ ಜೋಡಿಸಿಟ್ಟ: ಹವೆ, ಜೀವಿಗಳು, ನೆಲದ ಏರಿಳಿತ, ಮೂಲ ಶಿಲೆ, ಕಾಲ. ಇವುಗಳಲ್ಲಿ ಹವೆ, ಶಿಲೆ, ಕಾಲ ನಮ್ಮ ಕೈಯಲ್ಲಿಲ್ಲ. ಇಳಿಜಾರನ್ನೂ ಜೀವಿಗಳನ್ನೂ ಮಾತ್ರ ನಾವು ದಿನನಿತ್ಯ ಮುಟ್ಟುತ್ತೇವೆ, ಕೆಡಿಸುತ್ತೇವೆ, ಮನಸ್ಸು ಮಾಡಿದರೆ ಕಾಪಾಡುತ್ತೇವೆ.

ಇಳಿಜಾರು ಮಾಡುವ ಹಂಚಿಕೆ

ಮಳೆಗಾಲದಲ್ಲಿ ಕಾನ್ಹೇರಿ ಗುಹೆಗಳ ಕಡೆ ಹೋದವರು ಬಂಡೆಯ ಮೈಮೇಲೆ ನೀರು ಹಾಳೆಯಂತೆ ಇಳಿಯುವುದನ್ನು ಕಂಡಿರುತ್ತೀರಿ. ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆದ ಬೌದ್ಧ ಭಿಕ್ಷುಗಳು ಆ ಇಳಿಜಾರನ್ನು ಚೆನ್ನಾಗಿ ಅರಿತಿದ್ದರು. ಬಂಡೆಯಲ್ಲಿ ಸಣ್ಣ ಕಾಲುವೆ ಕಡಿದು, ಹರಿದುಹೋಗುವ ನೀರನ್ನು ಗುಹೆಯ ಪಕ್ಕದ ತೊಟ್ಟಿಗಳಿಗೆ ತಿರುಗಿಸಿದರು. ಮಣ್ಣು ನಿಲ್ಲದ ಕಡೆ ನೀರೂ ನಿಲ್ಲುವುದಿಲ್ಲ, ಅದನ್ನು ಕಲ್ಲಿನಲ್ಲೇ ಹಿಡಿದಿಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ಗುಹೆಗಳ ಮೇಲಿನ ನೆತ್ತಿಯಲ್ಲಿ ಮಣ್ಣೆಂದರೆ ಬಂಡೆಯ ಸಂದಿನಲ್ಲಿ ಕೂತ ಒಂದೆರಡು ಬೆರಳ ದಪ್ಪದ ಪದರ. ಜುಲೈಯಲ್ಲಿ ಅದರ ಮೇಲೆ ಹಸಿರು ಹುಲ್ಲು, ಜನವರಿಗೆ ಹೊಂಬಣ್ಣದ ಒಣಹುಲ್ಲು. ಸ್ವಲ್ಪ ಕೆಳಗೆ, ಕಡಿದಾದ ಇಳಿಜಾರಿನಲ್ಲಿ ಕಾರ್ವಿ ಪೊದೆಗಳು ಒತ್ತೊತ್ತಾಗಿ ನಿಂತಿವೆ. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಹೂಬಿಡುವ ಗಿಡವೆಂದು ಜನ ಇದನ್ನು ಬಲ್ಲರು; ಇದರ ಬೇರು ಗರಸು ನೆಲವನ್ನು ಜಾರದಂತೆ ಹಿಡಿದುಕೊಂಡಿರುವುದನ್ನು ಗಮನಿಸುವವರು ಕಡಿಮೆ. ಇನ್ನೂ ಕೆಳಗೆ, ದಹಿಸರ್ ಹೊಳೆ ಹರಿಯುವ ತಗ್ಗಿನಲ್ಲಿ ಮೇಲಿನಿಂದ ಇಳಿದುಬಂದ ನಯವಾದ ಮಣ್ಣು ಆಳವಾಗಿ ಕೂತಿದೆ. ಅಲ್ಲಿ ಮರಗಳು ಎತ್ತರ, ನೆರಳು ದಟ್ಟ, ಬೇಸಿಗೆಯಲ್ಲೂ ನೆಲದಲ್ಲಿ ತಂಪು. ಬಂಡೆ ಅದೇ, ಮಳೆಯೂ ಅದೇ. ಇಳಿಜಾರು ಮೇಲಿನಿಂದ ಕಿತ್ತು ಕೆಳಗೆ ಕೊಟ್ಟಿದೆ.

ದಕ್ಷಿಣ ಕನ್ನಡ, ಉಡುಪಿಯ ರೈತರಿಗೆ ಇದು ಹೊಸ ಮಾತಲ್ಲ. ಅಲ್ಲಿ ಗದ್ದೆಗಳಿಗೆ ಹಿಂದಿನಿಂದಲೂ ಮೂರು ದರ್ಜೆ. ಎತ್ತರದಲ್ಲಿದ್ದು ಮಳೆಯನ್ನೇ ನಂಬಿದ ಬೆಟ್ಟು ಗದ್ದೆಯಲ್ಲಿ ಏಣೆಲು ಒಂದೇ ಬೆಳೆ. ನಡುವಿನ ಮಜಲಿನಲ್ಲಿ ಏಣೆಲು, ಸುಗ್ಗಿ ಎರಡು. ತಗ್ಗಿನ ಬೈಲಿನಲ್ಲಿ ನೀರೊಂದು ನಿಂತರೆ ಕೊಳಕೆಯೂ ಸೇರಿ ಮೂರು. ಗೇಣಿ, ಪಾಲು, ಹೆಣ್ಣು ಕೊಡುವ ಮನೆಯ ಅಂತಸ್ತು ಎಲ್ಲವೂ ಈ ಲೆಕ್ಕದ ಮೇಲೆಯೇ ನಡೆಯುತ್ತಿತ್ತು. 1930ರ ದಶಕದಲ್ಲಿ ಪೂರ್ವ ಆಫ್ರಿಕದ ಗುಡ್ಡಗಳಲ್ಲಿ ಕೆಲಸ ಮಾಡಿದ ಜೆಫ್ರಿ ಮಿಲ್ನ್ ಎಂಬ ಮಣ್ಣುವಿಜ್ಞಾನಿ ನೆತ್ತಿಯಿಂದ ತಗ್ಗಿನವರೆಗಿನ ಮಣ್ಣುಗಳನ್ನು ಒಂದೇ ಸರಪಳಿಯ ಕೊಂಡಿಗಳೆಂದು ವಿವರಿಸಿದ. ನಮ್ಮ ಹಿರಿಯರು ಅದೇ ಸರಪಳಿಯ ಮೇಲೆ ಬೆಳೆ ತೆಗೆದು ಬದುಕಿದ್ದರು.

ಈ ಹಂಚಿಕೆ ನಿಧಾನವಾಗಿ ನಡೆದರೆ ವರ, ಅವಸರದಲ್ಲಿ ನಡೆದರೆ ಕಂಟಕ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಂಥ ಮಳೆಗೆ ಯಾವ ನೆಲವೂ ಪೂರ್ತಿ ತಡೆಯೊಡ್ಡಲಾರದು, ನಿಜ. ಆದರೆ ಮರವಿರುವ ಇಳಿಜಾರಿನಲ್ಲಿ ಹನಿ ಮೊದಲು ಎಲೆಗೆ, ಆಮೇಲೆ ತರಗೆಲೆಗೆ ಬಿದ್ದು, ಜೋರು ಕಳೆದುಕೊಂಡು ಮಣ್ಣಿಗೆ ಇಳಿಯುತ್ತದೆ. ಬೋಳು ಇಳಿಜಾರಿನಲ್ಲಿ ಅದೇ ಹನಿ ಮಣ್ಣಿನ ಹರಳನ್ನು ಒಡೆದು, ಎಬ್ಬಿಸಿ, ಹೊಳೆಗೆ ತಳ್ಳುತ್ತದೆ. ಒಂದು ಸೆಂಟಿಮೀಟರ್ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ತೊಳೆದುಹೋಗಲು ಒಂದು ಮಳೆಗಾಲ ಸಾಕು. ಮುಂಬಯಿಗೆ ಇಂದಿಗೂ ನೀರು ಕೊಡುತ್ತಿರುವ ವಿಹಾರ ಮತ್ತು ತುಳಸಿ ಕೆರೆಗಳು ಕಟ್ಟಿದ್ದು 1860 ಮತ್ತು 1879ರಲ್ಲಿ. ಅವು ಹೂಳಿನಲ್ಲಿ ಮುಚ್ಚಿಹೋಗದೆ ಉಳಿದಿರುವುದಕ್ಕೆ ಸುತ್ತಲಿನ ಕಾಡು ತನ್ನ ಮಣ್ಣನ್ನು ಹಿಡಿದುಕೊಂಡಿರುವುದು ದೊಡ್ಡ ಕಾರಣ.

ಕಣದ ಲೆಕ್ಕ

ಮಣ್ಣುವಿಜ್ಞಾನದಲ್ಲಿ ಕಣಗಳಿಗೆ ಮೂರು ಗುಂಪು. 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗಿನದು ಮರಳು. ಅಲ್ಲಿಂದ 0.002ರವರೆಗೆ ರೇವೆ. ಅದಕ್ಕಿಂತ ಸಣ್ಣದೆಲ್ಲ ಜೇಡಿ. ಮರಳು ಬೆರಳಿಗೆ ಚುರುಚುರು ಎನ್ನುತ್ತದೆ, ರೇವೆ ಪೌಡರಿನ ಹಾಗೆ ನುಣುಪು, ಜೇಡಿ ಒದ್ದೆಯಾದರೆ ಅಂಟು. ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು. ಒಂದು ಗ್ರಾಂ ಎರೆಜೇಡಿಯ ಕಣಗಳ ಮೇಲ್ಮೈ ಕೂಡಿಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ನೀರು, ಪೊಟ್ಯಾಶ್, ಸುಣ್ಣ ಎಲ್ಲ ಅಂಟಿಕೊಳ್ಳುವುದು ಆ ಮೇಲ್ಮೈಗೆ. ಮರಳಿನಲ್ಲಿ ನೀರು ಬಂದಷ್ಟೇ ಬೇಗ ಇಳಿದುಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ, ಉಣಿಸು ಸಿಗುವುದಿಲ್ಲ. ಬರೀ ಜೇಡಿಯಲ್ಲಿ ಉಣಿಸು ಇದೆ, ನೀರೂ ಇದೆ, ಉಸಿರಾಟಕ್ಕೆ ಜಾಗವಿಲ್ಲ. ಮೂರೂ ಹದವಾಗಿ ಬೆರೆತದ್ದೇ ಗೋಡು ಮಣ್ಣು.

ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ನಾನು ಮಕ್ಕಳಿಗೆ ಮಾಡಿಸುತ್ತಿದ್ದ ಪರೀಕ್ಷೆ ಇದು. ನೇರ ಬದಿಯ ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ಪುಡಿಮಾಡಿದ ಮಣ್ಣು ಹಾಕಿ, ಉಳಿದಷ್ಟಕ್ಕೆ ನೀರು ತುಂಬಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ರೇವೆ. ಜೇಡಿ ಕೂರಲು ಒಂದು ದಿನವೋ ಎರಡು ದಿನವೋ ಬೇಕು. ಸ್ಕೇಲ್ ಹಿಡಿದು ಮೂರು ಪಟ್ಟಿಗಳನ್ನು ಅಳೆದರೆ ನಿಮ್ಮ ಮಣ್ಣಿನ ಜಾತಕ ಸಿಕ್ಕಿತು. ಇನ್ನೂ ಸುಲಭದ ದಾರಿಯೆಂದರೆ ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ ಚಪಾತಿ ಹಿಟ್ಟಿನಂತೆ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯುವುದು. ಪಟ್ಟಿ ಬರುವುದೇ ಇಲ್ಲ ಎಂದರೆ ಮರಳು ಹೆಚ್ಚು. 2.5 ಸೆಂಟಿಮೀಟರಿನೊಳಗೆ ಮುರಿದರೆ ಗೋಡು. 5 ಸೆಂಟಿಮೀಟರ್ ದಾಟಿಯೂ ಮುರಿಯದಿದ್ದರೆ ಜೇಡಿ.

ನರ್ಸರಿಯ ಲಾಲ್ ಮಿಟ್ಟಿಯ ಚೀಲ ತಂದವರು ಇದನ್ನು ಒಮ್ಮೆ ಮಾಡಿ ನೋಡಲಿ. ಅಷ್ಟರ ಮೇಲೆ ಅದಕ್ಕೆ ತೆಂಗಿನ ನಾರಿನ ಪುಡಿ ಬೇಕೋ, ಮರಳು ಬೇಕೋ, ಗೊಬ್ಬರ ಬೇಕೋ ಎಂಬುದು ತಾನಾಗಿ ತಿಳಿಯುತ್ತದೆ.

ಜೀವವೇ ಅಂಟು

ಕಣಗಳ ಪ್ರಮಾಣ ಸರಿಯಿದ್ದ ಮಾತ್ರಕ್ಕೆ ಮಣ್ಣು ಒಳ್ಳೆಯದಾಗುವುದಿಲ್ಲ. ಕಣಗಳು ಸೇರಿ ಸಣ್ಣ ಹರಳುಗಳಾಗಬೇಕು, ಹರಳುಗಳ ನಡುವೆ ಸಂದು ಉಳಿಯಬೇಕು. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಸಂದುಗಳೇ. ಆ ಅರ್ಧದಲ್ಲಿ ನೀರಿಗೂ ಗಾಳಿಗೂ ಪಾಲು. ಹರಳು ಕಟ್ಟುವ ಕೆಲಸ ಮಣ್ಣಿನೊಳಗಿನ ಜೀವಿಗಳದ್ದು.

ನ್ಯಾಷನಲ್ ಪಾರ್ಕಿನ ಕಾಲುದಾರಿಯ ಪಕ್ಕ ಕೂತು ಒಂದು ಕೈಯಗಲದ ತರಗೆಲೆಯನ್ನು ಮೆಲ್ಲನೆ ಸರಿಸಿ ನೋಡಿ, ನೋಡಿ ಮತ್ತೆ ಮುಚ್ಚಿ. ಮೇಲೆ ಇಡೀ ತೇಗದೆಲೆ. ಅದರ ಕೆಳಗೆ ನರಗಳು ಮಾತ್ರ ಉಳಿದು ಜಾಲರಿಯಾದ ಎಲೆ. ಅದರಡಿ ಎಲೆ ಯಾವುದು ಮಣ್ಣು ಯಾವುದು ಹೇಳಲಾಗದ ಕಪ್ಪು ಪುಡಿ, ಅದರ ನಡುವೆ ಬಿಳಿ ನೂಲಿನಂಥ ಶಿಲೀಂಧ್ರದ ಎಳೆಗಳು. ಸಹಸ್ರಪದಿ ಸುರುಳಿ ಸುತ್ತಿಕೊಳ್ಳುತ್ತದೆ, ಗೆದ್ದಲು ಓಡುತ್ತದೆ, ಮಳೆಗಾಲವಾದರೆ ಎರೆಹುಳುವಿನ ಹಿಕ್ಕೆಯ ಗೋಪುರಗಳೂ ಕಾಣುತ್ತವೆ. ಕಣ್ಣಿಗೆ ಕಾಣದವು ಇನ್ನೂ ಹೆಚ್ಚು: ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆ 100 ಕೋಟಿ ಮುಟ್ಟಬಲ್ಲುದು.

ಗೆದ್ದಲು ಒಣಕಟ್ಟಿಗೆಯನ್ನು ಕರಗಿಸಿ, ಆಳದ ಜೇಡಿಯನ್ನು ಮೇಲೆ ತಂದು ಹುತ್ತ ಕಟ್ಟುತ್ತದೆ. ಎರೆಹುಳು ಮಣ್ಣನ್ನೂ ಎಲೆಯನ್ನೂ ಒಟ್ಟಿಗೆ ನುಂಗಿ, ಬೆರೆಸಿ, ಹರಳು ಮಾಡಿ ಬಿಡುತ್ತದೆ. ಚಾರ್ಲ್ಸ್ ಡಾರ್ವಿನ್ ಸಾಯುವ ಹಿಂದಿನ ವರ್ಷ, 1881ರಲ್ಲಿ, ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದ. ಇಂಗ್ಲೆಂಡಿನ ಕೆಲವು ಕಡೆ ಎಕರೆಗೆ ವರ್ಷಕ್ಕೆ 10 ಟನ್‌ಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಲೆಕ್ಕ ಹಾಕಿದ. ಇನ್ನು ಶಿಲೀಂಧ್ರಗಳು ಹೆಚ್ಚಿನ ಗಿಡಮರಗಳ ಬೇರಿಗೆ ಅಂಟಿಕೊಂಡು ದೂರದ ರಂಜಕವನ್ನು ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ಅವುಗಳ ಎಳೆಗಳೂ ಬ್ಯಾಕ್ಟೀರಿಯ ಸುರಿಸುವ ಅಂಟೂ ಸೇರಿ ಕಣಗಳನ್ನು ಬಿಗಿಯುತ್ತವೆ.

ಕಾಡಿನ ಮಣ್ಣನ್ನು ಮನೆಗೆ ತರಬೇಡಿ, ಅದು ಕಾನೂನಿಗೂ ಕಾಡಿಗೂ ದ್ರೋಹ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ನಮ್ಮ ಸೊಸೈಟಿಯ ಹಿಂಬದಿಯಲ್ಲಿ, ಅಡುಗೆಮನೆಯ ಕಸದ ಗೊಬ್ಬರ ಬೀಳುವ ಬಾಳೆಯ ಬುಡದಿಂದ ಒಂದು ಹೆಂಟೆ ತೆಗೆದೆ. ಮುಂಬದಿಯಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕದ ಬೋಳು ನೆಲದಿಂದ ಇನ್ನೊಂದು. ಎರಡನ್ನೂ ಒಣಗಿಸಿ, ಎರಡು ಗಾಜಿನ ಲೋಟದ ನೀರಿನಲ್ಲಿ ಮೆತ್ತಗೆ ಇಳಿಬಿಟ್ಟೆ. ಬೋಳು ನೆಲದ ಹೆಂಟೆ ನೋಡನೋಡುತ್ತಿದ್ದಂತೆ ಗುಳ್ಳೆ ಬಿಡುತ್ತ ಕುಸಿದು, ಲೋಟವೆಲ್ಲ ರಾಡಿಯಾಯಿತು. ಬಾಳೆ ಬುಡದ ಹೆಂಟೆ ನೀರು ಕುಡಿದು ಬಣ್ಣ ಗಾಢವಾಯಿತೇ ಹೊರತು ಒಡೆಯಲಿಲ್ಲ. ಸಂಜೆಯವರೆಗೂ ನೀರು ತಿಳಿಯಾಗಿಯೇ ಇತ್ತು. ಮಾಲಿಯನ್ನು ಕರೆದು ತೋರಿಸಿದಾಗ ಅವನು ಕೇಳಿದ, "ಬಾಯಿ, ಎರಡೂ ಒಂದೇ ಟೆಂಪೊದಲ್ಲಿ ಬಂದ ಮಣ್ಣಲ್ಲವೇ?" ಹೌದು, ಎರಡೂ ಒಂದೇ ಟೆಂಪೊದ ಮಣ್ಣು. ಕಣದ ಪ್ರಮಾಣವೂ ಒಂದೇ. ಒಂದಕ್ಕೆ ಜೀವವಿದೆ, ಇನ್ನೊಂದಕ್ಕಿಲ್ಲ. ಮಳೆ ಬಂದಾಗ ಕೊಚ್ಚಿಹೋಗುವುದು ಯಾವುದು, ನೀರು ಇಂಗಿಸುವುದು ಯಾವುದು ಎಂದು ಆ ಎರಡು ಲೋಟ ಹೇಳಿಬಿಟ್ಟವು.

ಖಾಡಿಯ ಕೆಸರನ್ನು ಕೆಟ್ಟದ್ದೆನ್ನಬೇಡಿ

ಗುಡ್ಡ ಬಿಟ್ಟ ಮಣ್ಣು ಕೊನೆಗೆ ಬಂದು ಸೇರುವ ಜಾಗ ಗೊರಾಯಿ ಮತ್ತು ಮನೋರಿ ಖಾಡಿ. ಅತಿ ಸಣ್ಣ ಕಣ ಮಾತ್ರ ಇಷ್ಟು ದೂರ ಬರುತ್ತದೆ. ಉಪ್ಪುನೀರು ತಾಗಿದೊಡನೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಕೂರುತ್ತವೆ. ಹೀಗಾಗಿ ಇಲ್ಲಿರುವುದು ಬೂದುಗಪ್ಪು ಜೇಡಿ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಕೆಸರು. ಅದರೊಳಗೆ ಗಾಳಿಯಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಗಳು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಇಳಿತದ ಹೊತ್ತಿನಲ್ಲಿ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಅದೇ. ಕಾಂಡ್ಲಾ ಮರಗಳು ಬೇರನ್ನು ಕೆಸರಿನಿಂದ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಏಡಿಗಳು ಬಿಲ ತೋಡಿ ಒಳಕ್ಕೆ ನೀರನ್ನೂ ಗಾಳಿಯನ್ನೂ ಬಿಡುತ್ತವೆ, ಬಿದ್ದ ಎಲೆಯನ್ನು ಒಳಕ್ಕೆಳೆದು ತಿನ್ನುತ್ತವೆ. ಗುಡ್ಡದಲ್ಲಿ ಎರೆಹುಳು ಮಾಡುವ ಕೆಲಸ ಇಲ್ಲಿ ಏಡಿಯ ಪಾಲಿನದು.

ಈ ಕೆಸರಿನಲ್ಲಿ ಬದನೆ ಬೆಳೆಯುವುದಿಲ್ಲ ಎಂದು ಇದನ್ನು ಬಂಜರೆನ್ನುವುದು ತಪ್ಪು. ಮಣ್ಣಿನ ಗುಣವನ್ನು ಅಳೆಯಬೇಕಾದ್ದು ಅದು ಮಾಡುವ ಕೆಲಸದಿಂದ. ಉಬ್ಬರದ ಹೊಡೆತ ತಡೆಯುವುದು, ಮೀನುಮರಿಗೆ ಆಸರೆಯಾಗುವುದು, ಎಲೆಯ ಇಂಗಾಲವನ್ನು ಬಹುಕಾಲ ಹೂತಿಡುವುದು ಈ ಮಣ್ಣಿನ ಕೆಲಸ. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಗಜನಿ ಗದ್ದೆಗಳೂ ಇಂಥದೇ ಉಪ್ಪುಜೇಡಿ. ಮಾಣಿಕಟ್ಟಾದ ರೈತರು ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತವನ್ನು ಗೊಬ್ಬರ ಹಾಕದೆ ಬೆಳೆಯುತ್ತಾರೆ. ನೆಲವನ್ನು ಬದಲಿಸದೆ, ನೆಲಕ್ಕೆ ಒಗ್ಗುವ ಬೆಳೆಯನ್ನು ಆರಿಸಿಕೊಂಡರು. ಇದೇ ಕೆಸರನ್ನು ಕಟ್ಟೆ ಹಾಕಿ ಪೂರ್ತಿ ಒಣಗಿಸಿದರೆ ಒಳಗಿನ ಗಂಧಕದ ಖನಿಜ ಗಾಳಿಗೆ ತೆರೆದುಕೊಂಡು ಗಂಧಕಾಮ್ಲವಾಗುತ್ತದೆ. ಆಮೇಲೆ ಅಲ್ಲಿ ಕಾಂಡ್ಲಾವೂ ಇಲ್ಲ, ಬೆಳೆಯೂ ಇಲ್ಲ. ಬೊರಿವಲಿಯವರು ತಮ್ಮ ಕಸವನ್ನೂ ಖಾಡಿಯ ಅಂಚಿಗೇ ಸುರಿದರು. ಗೊರಾಯಿಯ ಡಂಪಿಂಗ್ ಗ್ರೌಂಡ್ ಮುಚ್ಚಿ ಮೇಲೆ ಹೊದಿಕೆ ಹಾಕಿದ್ದು 2007ರ ನಂತರ. ಅಲ್ಲೀಗ ಹುಲ್ಲು ಬೆಳೆಯುತ್ತದೆ, ಆದರೆ ಅದು ಗುಡ್ಡ ಕೊಟ್ಟ ಮಣ್ಣಲ್ಲ, ಸಮುದ್ರ ಕೊಟ್ಟದ್ದೂ ಅಲ್ಲ.

ನಮ್ಮ ಅಂಗಳದ ಬಡ ಮಣ್ಣು

ಗುಡ್ಡದ ಮಣ್ಣು ತೆಳ್ಳಗಿದ್ದರೂ ಜೀವಂತ. ಖಾಡಿಯ ಮಣ್ಣು ಉಪ್ಪಾದರೂ ಜೀವಂತ. ಮೂರರಲ್ಲಿ ತೀರಾ ಸೊರಗಿದ್ದು ನಡುವಿನದು, ನಾವು ಮನೆ ಮಾಡಿಕೊಂಡಿರುವ ನೆಲ. ಹಳೆಯ ಕಟ್ಟಡ ಕೆಡವಿದ ಇಟ್ಟಿಗೆಚೂರು, ಸಿಮೆಂಟಿನ ಪುಡಿ ಅದರಲ್ಲಿ ಬೆರೆತಿದೆ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ; ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ; ದಾಸವಾಳದ ಚಿಗುರು ನರ ಮಾತ್ರ ಹಸಿರಾಗಿ ಹಳದಿಗಟ್ಟುತ್ತದೆ. ಕಾರಿನ ಭಾರಕ್ಕೆ ಸಂದುಗಳು ಮುಚ್ಚಿಹೋಗಿವೆ. ಮೇಲೆ ಪೇವರ್ ಬ್ಲಾಕ್, ಮರದ ಬುಡಕ್ಕೂ ಸಿಮೆಂಟು. ಬೇರು ಆಳಕ್ಕೂ ಹೋಗಲಾರದೆ ಅಗಲಕ್ಕೂ ಹೋಗಲಾರದೆ ಉಳಿದ ಮರ ಜೂನಿನ ಗಾಳಿಗೆ ಕಾರಿನ ಮೇಲೆ ಬೀಳುತ್ತದೆ, ನಾವು ಮರವನ್ನು ಬೈಯುತ್ತೇವೆ.

ಇನ್ನು ತರಗೆಲೆ. ಗುಡ್ಡದಲ್ಲಿ ಮಣ್ಣನ್ನು ಸಾಕುವ ಎಲೆಯನ್ನು ನಾವು ದಿನಾ ಬೆಳಿಗ್ಗೆ ಗುಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುತ್ತೇವೆ. ಕೆಲವರು ಮೂಲೆಯಲ್ಲಿ ಸುಡುತ್ತಾರೆ. ನಮ್ಮ ಊರಿನಲ್ಲಿ ಗದ್ದೆಗೆ ಹೊಂದಿಕೊಂಡ ಕುಮ್ಕಿ ಗುಡ್ಡದಿಂದ ಸೊಪ್ಪು ತಂದು ಹಟ್ಟಿಗೆ ಹಾಸಿ, ಅದು ಗೊಬ್ಬರವಾದ ಮೇಲೆ ಗದ್ದೆಗೆ ಹೊರುವುದು ಮನೆಮಂದಿಯ ವರ್ಷದ ದೊಡ್ಡ ಕೆಲಸವಾಗಿತ್ತು. ತಲೆಹೊರೆಯಲ್ಲಿ ಹೊತ್ತು ತರುತ್ತಿದ್ದ ಆ ಸಂಪತ್ತು ಇಲ್ಲಿ ತಾನಾಗಿ ಅಂಗಳಕ್ಕೆ ಬಿದ್ದರೂ ನಮಗೆ ಬೇಡವಾಗಿದೆ.

2015ರಿಂದ ಕೇಂದ್ರ ಸರಕಾರ ರೈತರಿಗೆ ಕೊಡುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸಾರಜನಕದಿಂದ ಬೋರಾನ್‌ವರೆಗೆ 12 ಅಂಶಗಳ ಲೆಕ್ಕ ಇರುತ್ತದೆ. ಅದು ಬೇಕಾದ ಲೆಕ್ಕವೇ. ಆದರೆ ಕಣದ ಗಾತ್ರ, ಇಳಿಜಾರು, ಹುಳುಹುಪ್ಪಟೆ ಅದರಲ್ಲಿ ಇಲ್ಲ. ಜೀವದ ಸುಳಿವು ಕೊಡುವುದು ಸಾವಯವ ಇಂಗಾಲದ ಒಂದು ಅಂಕಿ ಮಾತ್ರ. ಚೀಟಿ ಹೇಳದ್ದನ್ನು ನಾವೇ ನೋಡಿ ತಿಳಿಯಬೇಕು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಈ ಮಳೆಗಾಲಕ್ಕೆ ಮಣ್ಣು ಕೊಳ್ಳುವ ಮೊದಲು ಇರುವ ಮಣ್ಣನ್ನು ಬಾಟಲಿಯಲ್ಲಿ ಕುಲುಕಿ ನೋಡಿ. ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, ಪ್ರತಿ ಮರದ ಸುತ್ತ ಒಂದು ಮೀಟರ್ ಸಿಮೆಂಟು ತೆಗೆಸಿ ಎಂದು ಹೇಳಿ. ದಿಲ್ಲಿಯ ಮರಗಳಿಗೆ ಇಷ್ಟು ಜಾಗ ಬಿಡಲೇಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಕೊಟ್ಟಿದೆ. ಹಸಿ ಕಸವನ್ನೂ ತರಗೆಲೆಯನ್ನೂ ಗೇಟಿನಿಂದ ಹೊರಗೆ ಕಳಿಸಬೇಡಿ, ಒಂದು ಮೂಲೆಯಲ್ಲಿ ಗೊಬ್ಬರ ಮಾಡಿ ಮತ್ತೆ ಅದೇ ನೆಲಕ್ಕೆ ಹಾಕಿ. ಇಳಿಜಾರಿನ ಅಂಗಳವಿದ್ದರೆ ಬೋಳು ಬಿಡದೆ ಹುಲ್ಲೋ ಗಿಡವೋ ಹೊದಿಸಿ. ಖಾಡಿಯ ಅಂಚಿಗೆ ಡೆಬ್ರಿಸ್ ಸುರಿಯುವ ಟ್ರಕ್ ಕಂಡರೆ ಸುಮ್ಮನಿರದೆ ದೂರು ಕೊಡಿ. ಲಾಲ್ ಮಿಟ್ಟಿ ಎಲ್ಲಿಂದಲೋ ಅಗೆದು ತಂದದ್ದು. ಇಲ್ಲಿ ಒಂದು ಚೀಲ ತುಂಬಿದರೆ ಕೊಂಕಣದ ಯಾವುದೋ ಗುಡ್ಡ ಅಷ್ಟು ಬೋಳಾಗಿರುತ್ತದೆ. ನಮ್ಮ ಕಾಲಡಿಯ ಮಣ್ಣನ್ನು ಬದುಕಿಸಿಕೊಂಡರೆ ಆ ಚೀಲ ಕೊಳ್ಳುವ ಅಗತ್ಯವೇ ಬೀಳದು.